ಆಲ್ದೂರಿನ ಅಮ್ಮ ಓದಿಸಿದ ಯುದ್ಧಗಳು

ತೊಂಬತ್ತೊಂಬತ್ತರ ಜೂನಿನಲ್ಲಿ ಶಾಲೆ ಮತ್ತೆ ತೆರೆದಾಗ ಉತ್ತರದ ಹಿಮದ ಬೆಟ್ಟಗಳಲ್ಲಿ ಯುದ್ಧ ನಡೆಯುತ್ತಿತ್ತು. ನಾನು ಆಗ ಆಲ್ದೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇತಿಹಾಸದಲ್ಲಿ ಎಂ.ಎ. ಮಾಡಿದವಳೆಂಬ ಬಿಂಕ ಇನ್ನೂ ಮಾಸಿರಲಿಲ್ಲ. ಯಾವ ಯುದ್ಧ ಯಾವ ಇಸವಿಯಲ್ಲಿ ಆಯಿತು, ಯಾರು ಗೆದ್ದರು, ಕೊನೆಗೆ ಯಾವ ಒಪ್ಪಂದಕ್ಕೆ ಸಹಿ ಬಿತ್ತು ಎಂದು ಯಾರು ಕೇಳಿದರೂ ತಡವರಿಸದೆ ಹೇಳುತ್ತಿದ್ದೆ.

ಹತ್ತನೇ ತರಗತಿಯ ಎರಡನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಎಸ್ಟೇಟಿನ ಮೇಸ್ತ್ರಿಯೊಬ್ಬರ ಮಗಳು, ಹೆಚ್ಚು ಮಾತಿಲ್ಲದವಳು. ಒಂದು ದಿನ ಪಾಠದ ನಡುವೆ ಎದ್ದು ನಿಂತು ಕೇಳಿದಳು.

“ಟೀಚರ್, ಅವ್ರು ಬೆಟ್ಟದ ತುದೀಲಿ ಕೂತಿದಾರಂತೆ. ನಮ್ಮೋರು ಕೆಳಗಿದಾರಂತೆ. ಕೆಳಗಿರೋರು ಗೆಲ್ಲೋದು ಹ್ಯಾಗೆ?”

“ಧೈರ್ಯದಿಂದ,” ಎಂದೆ.

ಅವಳು ಕೂತಳು. ಕೂರುವಾಗ ಮುಖದಲ್ಲಿ ಮರ್ಯಾದೆ ಇತ್ತು, ಸಮಾಧಾನ ಇರಲಿಲ್ಲ. ಹೊರೆ ಹೊತ್ತು ಗುಡ್ಡ ಹತ್ತುವವರ ಮನೆಯ ಹುಡುಗಿ ಅವಳು. ಏರು ಹತ್ತಲು ಧೈರ್ಯವೊಂದೇ ಸಾಲದು ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಆ ದಿನವೆಲ್ಲ ನನ್ನ ಉತ್ತರ ನನ್ನನ್ನೇ ಚುಚ್ಚುತ್ತಿತ್ತು.

ಮುಖ್ಯೋಪಾಧ್ಯಾಯರ ಹತ್ತಿರ ಹೇಳಿಕೊಂಡೆ. ಅವರು ನಗಲಿಲ್ಲ. ಶಾಲೆಯ ಮೇಲಿನ ಎಸ್ಟೇಟಿನ ಅಮ್ಮನವರನ್ನು ಹೋಗಿ ನೋಡು, ಯುದ್ಧದ ವಿಷಯದಲ್ಲಿ ಅವರಷ್ಟು ಓದಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದರು. ನಾನು ತಮಾಷೆ ಎಂದುಕೊಂಡೆ. ಆ ಅಮ್ಮನವರನ್ನು ನಾನು ನೋಡಿದ್ದೆ. ಆಲ್ದೂರಿನ ಅಂಚೆ ಕಚೇರಿಯ ಮುಂದೆ ಜೀಪಿನಲ್ಲಿ ಕೂತಿರುತ್ತಿದ್ದರು. ಬೆಳ್ಳಗಾದ ಕೂದಲು, ನೂಲಿನ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ಅರವತ್ತೇಳೋ ಅರವತ್ತೆಂಟೋ ವಯಸ್ಸು. ಗಂಡ ತೀರಿಕೊಂಡ ಮೇಲೆ ಕಾಫಿ ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಅವರಿಗೂ ಯುದ್ಧಕ್ಕೂ ಎಲ್ಲಿಯ ನಂಟು ಎಂದು ನನಗೆ ಹೊಳೆಯಲಿಲ್ಲ.

ಆಗಸ್ಟಿನ ಒಂದು ಭಾನುವಾರ ಮಳೆ ಹೊಳವಾದ ಹೊತ್ತು ನೋಡಿಕೊಂಡು ಹೋದೆ. ಅವರು ಜಗಲಿಯಲ್ಲಿ ಕೂತು ತೋಟದ ಲೆಕ್ಕ ಬರೆಯುವ ರೈಟರಿಗೆ ಮಾರನೆಯ ದಿನದ ಕೆಲಸ ಹೇಳುತ್ತಿದ್ದರು. ರೈಟರು ಹೋದ ಮೇಲೆ ನನಗೆ ಕಾಫಿ ತರಿಸಿ, ಬಂದ ಕಾರಣ ಕೇಳಿದರು. ಹುಡುಗಿಯ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಹೇಳಿದೆ. ಯುದ್ಧದ ಬಗ್ಗೆ ಏನೇನು ಓದಿದ್ದೀರಿ ಎಂದರು. ಎಂ.ಎ. ತರಗತಿಗೆ ಇಟ್ಟಿದ್ದ ಪುಸ್ತಕಗಳ ಹೆಸರು ಹೇಳುತ್ತಾ ಹೋದೆ. ಅವರು ತಲೆದೂಗುತ್ತಾ ಕೇಳಿಸಿಕೊಂಡರು.

“ಅದ್ರಲ್ಲೆಲ್ಲ ಇಸವಿ ಇದೆ, ಸರಿ,” ಎಂದರು. “ಜನ ಎಲ್ಲಿದಾರೆ?”

ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಉದ್ದಕ್ಕೂ ಮರದ ಐದು ಅಲ್ಮೇರಾಗಳಿದ್ದವು. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದಿರಲಿ ಎಂದು ಒಂದೊಂದರ ಒಳಗೂ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಬಾಗಿಲು ತೆರೆದಾಗ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು. ಬಿಲ್ಲು, ರಥಗಳ ಕಾಲ ಮೊದಲನೆಯದರಲ್ಲಿ. ಕುದುರೆ, ಆನೆ, ಕೋಟೆಗಳ ಕಾಲ ಎರಡನೆಯದರಲ್ಲಿ. ಮೂರನೆಯದು ಮದ್ದುಗುಂಡಿನದು. ನಾಲ್ಕನೆಯದರಲ್ಲಿ ಎರಡು ಮಹಾಯುದ್ಧಗಳು. ಕೊನೆಯದರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶ ಹೋರಾಡಿದವು. ಇಂಗ್ಲಿಷಿನವೇ ಹೆಚ್ಚು, ನಡುನಡುವೆ ಕನ್ನಡದವು. ಎಷ್ಟೋ ಪುಸ್ತಕಗಳ ಬೆನ್ನು ಕಿತ್ತು ಹೋಗಿ ಬಟ್ಟೆ ಅಂಟಿಸಿದ್ದರು. ಒಂದನ್ನು ತೆಗೆದು ನೋಡಿದೆ. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರಗಳು. ಇನ್ನೊಂದು ತೆಗೆದೆ, ಅದರಲ್ಲೂ. ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಎರಡು ವರ್ಷ ಕಳೆದಿದ್ದ ನನಗೆ, ಇಷ್ಟನ್ನೂ ಒಬ್ಬರು ಓದಿದ್ದಾರೆ, ಬರೀ ಓದಿದ್ದಲ್ಲ ಸಾಲು ಸಾಲಿಗೂ ಉತ್ತರ ಕೊಟ್ಟಿದ್ದಾರೆ ಎಂದು ತಿಳಿದಾಗ ಎಂ.ಎ.ಯ ಬಿಂಕ ಅಲ್ಲೇ ಮಾಸಿತು.

ಆದರೆ ಅವತ್ತು ಪುಸ್ತಕ ಕೊಡಲಿಲ್ಲ. ಊರುಗೋಲು ಹಿಡಿದು, ಮೊದಲನೇ ಪುಸ್ತಕ ಹೊರಗಿದೆ ಬನ್ನಿ ಎಂದು ತೋಟದೊಳಗೆ ಇಳಿದರು. ಹಳ್ಳದ ದಂಡೆಯಲ್ಲಿ ಕಾಫಿ ಗಿಡಗಳ ನಡುವೆ ಎದೆಯೆತ್ತರದ ಒಂದು ಕಲ್ಲು ನಿಂತಿತ್ತು. ವೀರಗಲ್ಲು. ಇಂಥವನ್ನು ನಾನು ಎಷ್ಟೋ ನೋಡಿದ್ದೆ, ಪರೀಕ್ಷೆಗೆ ಅರ್ಧ ಪುಟ ಬರೆದೂ ಇದ್ದೆ. ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅಮ್ಮ ಊರುಗೋಲಿನಿಂದ ಪಾಚಿ ಕೆರೆದರು.

“ಮೇಲಿನ ಎರಡು ಅಂತಸ್ತು ಸತ್ತವನ ಮನೆಯೋರಿಗೆ,” ಎಂದರು. “ಕೆಳಗಿಂದು ನಡೆದದ್ದು. ಓದೋದು ಕೆಳಗಿಂದ ಶುರು ಮಾಡ್ಬೇಕು.”

ಬಗ್ಗಿ ನೋಡಿದೆ. ಮೂಲೆಯಲ್ಲಿ ನಾಲ್ಕು ಹಸುಗಳಿದ್ದವು. ಬಿಲ್ಲು ಹಿಡಿದವನ ಮುಖವನ್ನು ಶಿಲ್ಪಿ ಮೂಗು, ಬಾಯಿ ಎಂದು ಎರಡು ಗೆರೆಯಲ್ಲಿ ಮುಗಿಸಿದ್ದ. ಹಸುಗಳಿಗೆ ಮಾತ್ರ ಕಣ್ಣಿನ ರೆಪ್ಪೆಯನ್ನೂ ಕೆತ್ತಿದ್ದ. ಆ ಊರು ಯಾವುದಕ್ಕೋಸ್ಕರ ಹೊಡೆದಾಡಿತ್ತು ಎಂದು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬಹುದು? ಎಷ್ಟೋ ನೂರು ವರ್ಷಗಳ ಹಿಂದಿನ ಒಂದು ಬೆಳಗ್ಗೆ ಇದೇ ಹಳ್ಳದ ಬದಿಯಲ್ಲಿ ದನ ಅಟ್ಟಿಕೊಂಡು ಹೋಗುತ್ತಿದ್ದವರ ಹಿಂದೆ ಒಬ್ಬ ಓಡಿದ್ದ, ಮನೆಗೆ ತಿರುಗಿ ಬಂದಿರಲಿಲ್ಲ. ಕಾಲ ಕೆಳಗಿನ ನೆಲ ನನಗೆ ಒಮ್ಮೆಲೇ ಬೇರೆಯಾಗಿ ಕಂಡಿತು.

ಅಲ್ಲಿಂದ ಎರಡು ವರ್ಷ ನಾನು ಅಮ್ಮ ಹೇಳಿದ ಕ್ರಮದಲ್ಲಿ ಓದಿದೆ. ಒಂದು ಸಲಕ್ಕೆ ಒಂದೇ ಪುಸ್ತಕ. ಮುಗಿಸಿ ಅದರ ವಿಷಯ ಮಾತಾಡದೆ ಮುಂದಿನದು ಸಿಗುತ್ತಿರಲಿಲ್ಲ. ಮೊದಲು ಕೊಟ್ಟದ್ದು, ಹಳೆಯ ಕಾಲದ ಸೈನ್ಯಗಳು ಏನು ತಿಂದು ದಿನಕ್ಕೆ ಎಷ್ಟು ದೂರ ನಡೆಯುತ್ತಿದ್ದವು ಎಂಬುದರ ಮೇಲೆ ಒಂದು ತೆಳ್ಳನೆಯ ಪುಸ್ತಕ. ರಾಜ ಎಷ್ಟೇ ಶೂರನಾದರೂ ಕುದುರೆಗಳಿಗೆ ನೀರು ಸಿಗುವ ಕಡೆಗೇ ಅವನ ದಾರಿಯೂ ತಿರುಗುತ್ತಿತ್ತು ಎಂದು ಓದಿ, ನಕಾಶೆಯ ಮೇಲೆ ನಾನು ಇಷ್ಟು ದಿನ ಮಕ್ಕಳಿಂದ ಎಳೆಸಿದ ಬಾಣದ ಗುರುತುಗಳಿಗೆ ನಾಚಿಕೆಪಟ್ಟೆ. ಆಮೇಲೆ ಕೋಟೆಯ ಮುತ್ತಿಗೆಗಳ ಮೇಲೊಂದು. ಆಮೇಲೆ ಮೈಸೂರಿನ ಯುದ್ಧಗಳ ಮೇಲೆ ಎರಡು, ಒಂದು ಆಚೆಯವರು ಬರೆದದ್ದು, ಒಂದು ಈಚೆಯವರು. ಯಾವ ಯುದ್ಧವನ್ನೂ ಒಂದೇ ಕಡೆಯಿಂದ ಓದಬಾರದು ಎಂಬುದು ಅಮ್ಮನ ನಿಯಮ. ಎರಡರಲ್ಲೂ ತೋಪು ಎಳೆಯುವ ಎತ್ತುಗಳ ಮಾತು ಬರುತ್ತಿತ್ತು. ಆ ತಳಿಯನ್ನು ಸಾಕುತ್ತಿದ್ದ ಕಾವಲುಗಳು ನಮ್ಮ ಜಿಲ್ಲೆಯ ಬಯಲಿನಲ್ಲೇ, ಕಡೂರಿನ ಕಡೆ, ಇವೆ. ನಮ್ಮ ದೊಡ್ಡಮ್ಮನ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಹುಲ್ಲುಗಾವಲುಗಳನ್ನು ಚಿಕ್ಕಂದಿನಿಂದ ನೋಡಿದ್ದೆ. ಸಾಮ್ರಾಜ್ಯಗಳ ಲೆಕ್ಕಾಚಾರ ಆ ಎತ್ತುಗಳ ಕಾಲಿನ ಮೇಲೆ ನಿಂತಿತ್ತೆಂದು ಯಾರೂ ಹೇಳಿರಲಿಲ್ಲ.

ಮೊದಲನೇ ಮಹಾಯುದ್ಧಕ್ಕೆ ಅಮ್ಮ ದಳಪತಿಗಳ ಚರಿತ್ರೆ ಕೊಡಲಿಲ್ಲ, ನಮ್ಮ ದೇಶದ ಸಿಪಾಯಿಗಳು ಪರದೇಶದ ಕಂದಕಗಳಿಂದ ಮನೆಗೆ ಬರೆದ ಕಾಗದಗಳ ಸಂಕಲನ ಕೊಟ್ಟರು. ಅದನ್ನು ಬಸ್ಸಿನಲ್ಲಿ ಓದುತ್ತಾ ಆಲ್ದೂರಿನಲ್ಲಿ ಇಳಿಯುವುದನ್ನೇ ಮರೆತು ಬಾಳೆಹೊನ್ನೂರಿಗೆ ಹೋಗಿಬಿಟ್ಟಿದ್ದೆ.

ಪುಸ್ತಕ ತಿರುಗಿಸಿದಾಗೆಲ್ಲ ಅಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಬರೆದವರು ಇದ್ರಲ್ಲಿ ಯಾರನ್ನ ಮರೆತಿದಾರೆ?” ಮೊದಮೊದಲು ನನಗೆ ಉತ್ತರ ಹೊಳೆಯುತ್ತಿರಲಿಲ್ಲ. ಆಮೇಲೆ ಕಾಣತೊಡಗಿತು. ಅಡುಗೆಯವರನ್ನು ಮರೆತಿದ್ದಾರೆ. ದಾರಿ ತೋರಿಸಿದ ಊರಿನವರನ್ನು. ಪೈರು ತುಳಿಸಿಕೊಂಡ ರೈತರನ್ನು. ಹೆಣ ಎತ್ತಿದವರನ್ನು.

ಮೊದಲ ವರ್ಷವೇ, ಹತ್ತನೆಯವರ ಪರೀಕ್ಷೆಗೆ ಮುಂಚೆ, ಬೆಟ್ಟದ ಯುದ್ಧಗಳ ಮೇಲೆ ಒಂದು ಪುಸ್ತಕ ಓದಿದ ಮೇಲೆ ನನ್ನ ತರಗತಿಗೆ ಹೋಗಿ ಆ ಹುಡುಗಿಯ ಪ್ರಶ್ನೆಗೆ ಮತ್ತೆ ಉತ್ತರ ಕೊಟ್ಟೆ. ಕಡಿದಾದ ಕಡೆಯಲ್ಲಿ ಕಾವಲು ಕಮ್ಮಿ ಇರುತ್ತದೆ, ಅದಕ್ಕೇ ಹತ್ತುವವರು ಅದನ್ನೇ ಆರಿಸಿಕೊಳ್ಳುತ್ತಾರೆ; ಅವರು ಹತ್ತುವಷ್ಟು ಹೊತ್ತು ಮೇಲಿನವರು ತಲೆ ಎತ್ತದಂತೆ ಕೆಳಗಿನ ತೋಪುಗಳು ಹೊಡೆಯುತ್ತಿರುತ್ತವೆ ಎಂದೆಲ್ಲ ಹೇಳಿದೆ. ಅವಳು ಈ ಸಲ ಕೂರಲಿಲ್ಲ. ಗುಂಡು, ನೀರು ಎಲ್ಲ ಹೊತ್ತುಕೊಂಡು ಹಿಂದಿನಿಂದ ಹತ್ತಿದವರು ಯಾರು ಎಂದು ಕೇಳಿದಳು. ಅವಳನ್ನೂ ಅಮ್ಮನ ಹತ್ತಿರ ಕರೆದುಕೊಂಡು ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ತೋಚಲಿಲ್ಲ.

ಇಷ್ಟು ಓದು ಯಾಕೆ ಎಂದು ಅಮ್ಮನನ್ನು ಕೇಳಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಅವರು ನನ್ನನ್ನು ನೀನು ಎಂದು ಕರೆಯುತ್ತಿದ್ದರು. ಅವರು ಹೇಳಿದ್ದು ಇಷ್ಟು. ಅವರಿಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಇದ್ದ. ಅಪ್ಪನ ಜತೆ ಜಗಳವಾಡಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪಟ್ಟಾಳ ಸೇರಿದ. ಬರ್ಮಾದ ಗಡಿಯಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ದಳಕ್ಕೆ ಹಾಕಿದರು. ಕಾಗದ ಬರೆಯುತ್ತಿದ್ದ. ಊರಿನ ಹೆಸರು ಬಂದ ಕಡೆಯೆಲ್ಲ ಮೇಲಿನವರು ಕಪ್ಪು ಮಸಿ ಬಳಿದಿರುತ್ತಿದ್ದರು. ಕೊನೆಯ ಕಾಗದದಲ್ಲಿ, ಇಲ್ಲಿನ ಮಳೆಯ ಮುಂದೆ ನಮ್ಮೂರಿನದು ಮಳೆಯೇ ಅಲ್ಲ ಎಂದು ಬರೆದಿದ್ದ. ಆಮೇಲೆ ತಂತಿ ಬಂತು. ಕಾಣೆಯಾಗಿದ್ದಾರೆ, ಅಷ್ಟೇ. ಅಮ್ಮನಿಗೆ ಆಗ ಹನ್ನೆರಡು ವರ್ಷ. ಅಪ್ಪ ಆ ಮನೆಯಲ್ಲಿ ಮತ್ತೆ ಅವನ ಹೆಸರೆತ್ತಲು ಬಿಡಲಿಲ್ಲ.

ಅಮ್ಮ ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಮದುವೆಯಾಗಿ ಈ ತೋಟಕ್ಕೆ ಬಂದ ಮೇಲೆ ಬರ್ಮಾ ಯುದ್ಧದ ಮೇಲೆ ಇಂಗ್ಲಿಷಿನಲ್ಲಿ ಒಂದು ದಪ್ಪ ಪುಸ್ತಕ ಇದೆ ಎಂದು ಯಾರಿಂದಲೋ ಕೇಳಿ, ಗಂಡನಿಗೆ ಹೇಳಿ ಬೆಂಗಳೂರಿನಿಂದ ತರಿಸಿದರು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪದ ನೋಡುತ್ತಾ ಆ ಪುಸ್ತಕ ಮುಗಿಸಲು ಒಂದೂವರೆ ವರ್ಷ ಹಿಡಿಯಿತಂತೆ. ಅದರಲ್ಲಿ ಅಣ್ಣನ ದಳದ ಹೆಸರಿರಲಿಲ್ಲ. ಇನ್ನೊಂದು ತರಿಸಿದರು. ಹಾಗೇ ಮತ್ತೊಂದು. ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದಲ್ಲಿ, ನೆರೆ ಬಂದ ಹೊಳೆ ದಾಟುವಾಗ ಹೇಸರಗತ್ತೆಗಳ ಒಂದು ಸಾಲು ಆಳುಗಳ ಸಮೇತ ಕೊಚ್ಚಿಹೋಯಿತು ಎಂಬ ಒಂದು ವಾಕ್ಯ ಸಿಕ್ಕಿತು. ತಿಂಗಳು ತಾಳೆಯಾಗುತ್ತಿತ್ತು.

“ಅದೇ ಹೊಳೆ ಅಂತ ಇಟ್ಕೊಂಡಿದೀನಿ,” ಎಂದರು ಅಮ್ಮ. “ಅಲ್ಲದೆಯೂ ಇರಬಹುದು.”

ಅಣ್ಣನ ಕತೆ ಅಲ್ಲಿಗೆ ಮುಗಿದ ಮೇಲೂ ಯಾಕೆ ಓದುತ್ತಲೇ ಇದ್ದಿರಿ ಎಂದೆ.

“ಅವನ್ನ ಹುಡುಕ್ತಾ ಹೋದೆ ಮಾರಾಯ್ತಿ. ದಾರೀಲಿ ಎಷ್ಟೊಂದು ಜನ ಸಿಕ್ಕಿದ್ರು. ಅವ್ರನ್ನೆಲ್ಲ ಬಿಟ್ಟು ಬರೋಕಾಗ್ಲಿಲ್ಲ.”

ಎಸ್ಟೇಟಿನ ಜೀಪು ಓಡಿಸುತ್ತಿದ್ದವರು ಒಬ್ಬ ನಿವೃತ್ತ ಹವಾಲ್ದಾರರು. ಕೊಟ್ಟಿಗೆಹಾರದ ಕಡೆಯವರು, ಐವತ್ತು ದಾಟಿದ ಕುಳ್ಳನೆಯ ಗಟ್ಟಿ ಆಳು. ಸೈನ್ಯ ಬಿಟ್ಟ ಮೇಲೆ ಕುದುರೆಮುಖದಲ್ಲಿ ಕೆಲವು ವರ್ಷ ಲಾರಿ ಓಡಿಸಿ, ಆಮೇಲೆ ಇಲ್ಲಿಗೆ ಬಂದಿದ್ದರು. ಸಂಜೆ ನನ್ನನ್ನು ಬಸ್ಸಿನ ರಸ್ತೆಗೆ ಬಿಟ್ಟು ಬರುವ ಕೆಲಸ ಅವರದ್ದು. ನನ್ನ ಕೈಯಲ್ಲಿ ಪ್ರತಿ ಸಲವೂ ಒಂದು ಯುದ್ಧದ ಪುಸ್ತಕ ನೋಡುತ್ತಿದ್ದರೂ ಒಂದು ಮಾತೂ ಆಡಿದವರಲ್ಲ. ಒಂದು ದಿನ ನಾನೇ ಕೇಳಿದೆ. ಎಪ್ಪತ್ತೊಂದರಲ್ಲಿ ಪೂರ್ವದ ಗಡಿಯಲ್ಲಿದ್ದೆ ಎಂದರು. ಸ್ವಲ್ಪ ದೂರ ಹೋದ ಮೇಲೆ, ಮುಂದಿನ ರಸ್ತೆಯನ್ನೇ ನೋಡುತ್ತಾ ಉಳಿದದ್ದನ್ನು ಹೇಳಿದರು.

ಒಂದು ಹೊಳೆಯ ಬದಿಯ ಕೆಸರು ಬಯಲಿನಲ್ಲಿ ಅವರ ಕಂಪನಿಯನ್ನು ನಿಲ್ಲಿಸಿದ್ದರು. ಎದುರು ದಂಡೆಯಲ್ಲಿ ಒಂದು ಇಟ್ಟಿಗೆ ಗೂಡು, ಅದರ ಚಿಮಣಿ ಅರ್ಧ ಮುರಿದಿತ್ತು. ಅಡಗಿಕೊಳ್ಳಬೇಡಿ, ಹಗಲಲ್ಲೇ ಹೊಂಡ ತೋಡಿ, ಹೊಗೆ ಎಬ್ಬಿಸಿ, ಬೇರೆ ದಳ ಬಂದ ತಕ್ಷಣ ಹೊಳೆ ದಾಟೋಣ ಎಂದು ಮೇಲಿನವರು ಹೇಳಿದ್ದರು. ಎರಡು ದಿನ ತೋಪಿನ ಗುಂಡು ಸುರಿಯಿತು. ಯಾರೂ ಬರಲಿಲ್ಲ. ಮೂರನೇ ದಿನ ಒಂದು ಲಾರಿಯಲ್ಲಿ ಬಂದವರು, ಯುದ್ಧ ಮುಂದೆ ಹೋಗಿದೆ, ಹತ್ತಿ ಎಂದರು. ಅಷ್ಟರಲ್ಲಿ ಕಂಪನಿಯಲ್ಲಿ ಹಲವರು ಸತ್ತುಹೋಗಿದ್ದರು. ಹವಾಲ್ದಾರರ ಪಕ್ಕದಲ್ಲೇ ಇದ್ದ ಗೆಳೆಯನೂ ಹೋಗಿದ್ದ. ಕಳಸದ ಕಡೆಯವನು, ಒಂದೇ ದಿನ ಇಬ್ಬರೂ ಭರ್ತಿಯಾದವರು.

“ನಮ್ಮನ್ನ ಅಲ್ಲಿ ಬಿಟ್ಟು ಮರ್ತೇಬಿಟ್ರು ಟೀಚರ್,” ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮೂವತ್ತು ವರ್ಷದಿಂದ ಹಾಗೇ ನಂಬಿಕೊಂಡಿದ್ದರು. ಆ ಗೆಳೆಯನ ಮನೆಗೆ ಅವರು ಒಮ್ಮೆಯೂ ಹೋಗಿರಲಿಲ್ಲ. ಹೇಗೆ ಸತ್ತ ಎಂದು ಕೇಳಿದರೆ ಮರೆತುಹೋಗಿ ಸತ್ತ ಎಂದು ಹೇಳಲು ಬಾಯಿ ಬರುವುದಿಲ್ಲ ಎಂದರು.

ಎರಡು ಸಾವಿರದ ಒಂದನೇ ಇಸವಿಯ ಕೊನೆಗೆ ಅಮ್ಮನಿಗೆ ಬೆಂಗಳೂರಿನಿಂದ ಒಂದು ಪಾರ್ಸೆಲ್ ಬಂತು. ಪೂರ್ವ ಗಡಿಯ ಯುದ್ಧದ ಬಗ್ಗೆ ಆಗ ಅಲ್ಲಿ ಅಧಿಕಾರಿಯಾಗಿದ್ದವರೊಬ್ಬರು ಬರೆದ ಪುಸ್ತಕವೂ ಅದರಲ್ಲಿತ್ತು. ನಾನು ಮೊದಲು ಓದಲು ತೆಗೆದುಕೊಂಡು ಹೋದೆ. ಒಂದು ಬೆಳಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತಿದ್ದೆ. ಪುಟ ಮಗುಚಿದಾಗ ಅರ್ಧ ಮುರಿದ ಚಿಮಣಿಯ ಇಟ್ಟಿಗೆ ಗೂಡು ಎಂಬ ಮಾತು ಕಂಡಿತು. ಮೊದಲಿನಿಂದ ಮತ್ತೆ ಓದಿದೆ. ಹೊಳೆ ಅದೇ, ಬೆಟಾಲಿಯನ್ ಅದೇ. ಜಗತ್ತಿನಲ್ಲಿ ಅಚ್ಚಾದ ಪುಸ್ತಕಗಳು ಅದೆಷ್ಟೋ. ಅದರಲ್ಲಿ ಒಂದರ ಒಂದು ಪುಟ, ಜೀಪಿನ ಸ್ಟೇರಿಂಗ್ ಹಿಡಿದು ಕೂತ ಆ ಮನುಷ್ಯನನ್ನು ಹುಡುಕಿಕೊಂಡು ಆಲ್ದೂರಿನವರೆಗೂ ಬಂದಿತ್ತು.

ಅಮ್ಮನಿಗೆ ತೋರಿಸಿದೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಇಷ್ಟು ವರ್ಷ ನಮ್ಮ ಜೀಪು ಓಡಿಸುತ್ತಿದ್ದವರನ್ನು ನಾನು ಒಂದು ಮಾತು ಕೇಳಲಿಲ್ಲವಲ್ಲ ಎಂದರು. ಅಮ್ಮ ತಮ್ಮ ಮೇಲೆ ತಾವೇ ಬೇಸರಪಟ್ಟುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೊಯ್ಲು ಮುಗಿಯುತ್ತಾ ಬಂದ ಫೆಬ್ರವರಿಯ ಒಂದು ಮಧ್ಯಾಹ್ನ ಅಮ್ಮ ಹವಾಲ್ದಾರರನ್ನು ಜಗಲಿಗೆ ಕರೆದರು. ಕಣದಲ್ಲಿ ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ಹವಾಲ್ದಾರರು ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಅಮ್ಮ, ಇವತ್ತು ನೀವು ನಮಗೆ ಪಾಠ ಹೇಳೋರು, ಕೂತ್ಕೊಳ್ಳಿ ಎಂದ ಮೇಲೆ ತುದಿಯಲ್ಲಿ ಕೂತರು. ನಾನು ಆ ಎರಡು ಪುಟಗಳನ್ನು ಕನ್ನಡ ಮಾಡುತ್ತಾ ನಿಧಾನವಾಗಿ ಓದಿದೆ. ಹೊಳೆ ದಾಟುವುದು ಅಲ್ಲಿಯೇ ಎಂದು ಎದುರಿನವರನ್ನು ನಂಬಿಸಬೇಕಿತ್ತು. ಅದಕ್ಕಾಗಿ ಒಂದು ಕಂಪನಿಯನ್ನು ಇಟ್ಟಿಗೆ ಗೂಡಿನ ಎದುರು ಕಾಣುವಂತೆ ನಿಲ್ಲಿಸಿದರು. ಎದುರಿನವರ ತೋಪುಗಳು ಎರಡು ದಿನ ಅತ್ತಲೇ ತಿರುಗಿದ್ದವು. ಅಷ್ಟರಲ್ಲಿ ಮೈಲುಗಟ್ಟಲೆ ಮೇಲಿನ ಹರಿವಿನಲ್ಲಿ ಮುಖ್ಯ ದಳ ಹೆಚ್ಚು ಸಾವಿಲ್ಲದೆ ಹೊಳೆ ದಾಟಿತು. ಆ ಕಂಪನಿಯವರು ಜಾಗ ಬಿಟ್ಟು ಸರಿದಿದ್ದರೆ ಇದು ಆಗುತ್ತಿರಲಿಲ್ಲ ಎಂದು ಬರೆದವರು ಒಪ್ಪಿಕೊಂಡಿದ್ದರು. ಅವರಿಗೆ ಇದನ್ನು ಹೇಳುವಂತಿರಲಿಲ್ಲ, ಹೇಳದೇ ಇದ್ದದ್ದು ತಮ್ಮನ್ನು ಇವತ್ತಿಗೂ ಕಾಡುತ್ತದೆ ಎಂದೂ ಬರೆದಿದ್ದರು.

ಹವಾಲ್ದಾರರು ಮತ್ತೊಮ್ಮೆ ಓದಿಸಿದರು. ಆಮೇಲೆ ನಕಾಶೆ ಇದೆಯಾ ಎಂದರು. ತೋರಿಸಿದೆ. ಹೊಳೆಯ ಗೆರೆಯ ಮೇಲೆ ಬೆರಳಿಟ್ಟು ಮೇಲಕ್ಕೆ, ದಳ ದಾಟಿದ ಜಾಗದವರೆಗೆ, ಎಳೆದುಕೊಂಡು ಹೋಗಿ ನಿಲ್ಲಿಸಿದರು.

“ಹಾಗಾದ್ರೆ ಮರ್ತಿರ್ಲಿಲ್ಲ,” ಎಂದರು.

“ಇಲ್ಲ,” ಎಂದರು ಅಮ್ಮ.

“ನಮ್ಗೆ ಹೇಳ್ಬಹುದಿತ್ತು.” ಸ್ವಲ್ಪ ಬಿಟ್ಟು ಅವರೇ ತಲೆಯಾಡಿಸಿದರು. “ಇಲ್ಲ. ಹೇಳಿದ್ರೆ ಒಬ್ಬನಾದ್ರೂ ಹಿಂದೆ ನೋಡ್ತಿದ್ದ. ಎದುರಿನೋರಿಗೆ ಗೊತ್ತಾಗ್ತಿತ್ತು.”

ಅವರ ಕಣ್ಣಲ್ಲಿ ನೀರು ಬರಲಿಲ್ಲ. ಬೆನ್ನು ಮಾತ್ರ ನಾವು ನೋಡುತ್ತಿದ್ದಂತೆಯೇ ನೆಟ್ಟಗಾಯಿತು. ಮೂವತ್ತು ವರ್ಷ ಹೊತ್ತಿದ್ದನ್ನು ಮನುಷ್ಯ ಕೆಳಗಿಡುವುದನ್ನು ಕಣ್ಣಾರೆ ಕಂಡೆ. ಆಮೇಲೆ ಅವರು, ಪುಸ್ತಕದಲ್ಲಿ ಒಂದು ತಪ್ಪಿದೆ ಎಂದರು. ಹೊಂಡದಲ್ಲಿ ಕೆಸರುನೀರು ಸೊಂಟದ ಮಟ್ಟ ಎಂದು ಓದಿದಿರಿ, ಎದೆಮಟ್ಟ ಇತ್ತು, ನಾನು ಕುಳ್ಳ, ನನಗೆ ಕುತ್ತಿಗೆಗೆ ಬರುತ್ತಿತ್ತು ಎಂದು ತಿದ್ದಿದರು. ಅಮ್ಮ ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ಅಂಚಿನಲ್ಲಿ, ಎದೆಮಟ್ಟ, ಅಲ್ಲಿ ನಿಂತವರ ಮಾತು ಎಂದು ಬರೆದರು. ಬರೆದದ್ದನ್ನು ಅವರಿಗೆ ಓದಿ ತೋರಿಸಿದರು.

ಎರಡು ದಿನದ ಮೇಲೆ ಹವಾಲ್ದಾರರು ಶಾಲೆಯ ಹತ್ತಿರ ಬಂದು, ಆ ಪುಟಗಳನ್ನು ಕನ್ನಡದಲ್ಲಿ ಬರೆದುಕೊಡಿ ಎಂದರು. ಗೆಳೆಯನ ಮನೆಗೆ ಹೋಗಬೇಕೆಂದಿದ್ದರು. ಎರಡು ಹಾಳೆಯಲ್ಲಿ ದುಂಡಗೆ ಬರೆದುಕೊಟ್ಟೆ. ಸುದ್ದಿ ತಿಳಿದು ಅಮ್ಮ ತಾವೂ ಬರುತ್ತೇನೆಂದರು. ಭಾನುವಾರ ಬೆಳಗ್ಗೆ ಮೂವರೂ ಜೀಪಿನಲ್ಲಿ ಹೊರಟೆವು. ಬಾಳೆಹೊನ್ನೂರು ದಾಟಿ ಕಳಸದ ದಾರಿ ಹಿಡಿದೆವು.

ಗೆಳೆಯನ ತಾಯಿ ತಂದೆ ಇರಲಿಲ್ಲ. ಅವನನ್ನು ಎತ್ತಿ ಆಡಿಸಿದ ಅಕ್ಕ ಇದ್ದರು. ಗದ್ದೆಯ ಕೆಲಸ ಮಾಡಿ ಒರಟಾದ ಕೈ, ಅಮ್ಮನಿಗಿಂತ ಹತ್ತಾರು ವರ್ಷ ಚಿಕ್ಕವರು. ಹವಾಲ್ದಾರರು ತಾವು ಯಾರೆಂದು ಹೇಳಿದಾಗ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಳಗೆ ಕೂರಿಸಿದರು. ಹವಾಲ್ದಾರರು ಹಾಳೆ ಬಿಚ್ಚಿ ತಾವೇ ಓದಿದರು, ಪೆರೇಡಿನಲ್ಲಿ ವರದಿ ಒಪ್ಪಿಸುವವರ ಹಾಗೆ, ಒಂದೊಂದು ಪದ ಬಿಡಿಸಿ. ಇಷ್ಟು ವರ್ಷ ಬರದೇ ಇದ್ದದ್ದಕ್ಕೆ ಕಾರಣವನ್ನೂ ಮುಚ್ಚಿಡದೆ ಹೇಳಿ ಕೈಮುಗಿದರು. ಆ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಯುದ್ಧದ ಮಾತು ಒಂದೂ ಕೇಳಲಿಲ್ಲ.

“ಕಡೆ ಕಡೆಗೆ ಅವ್ನು ಎಂತ ಮಾತಾಡ್ತಿದ್ದ?” ಎಂದು ಕೇಳಿದರು.

ಹವಾಲ್ದಾರರು ಯೋಚಿಸಲೂ ಇಲ್ಲ. “ಈ ಕೆಸರು ನಮ್ಮ ಸಸಿಮಡಿ ಕೆಸರಿನ ಹಾಗೇ ವಾಸನೆ ಬರುತ್ತೆ ಅಂದ ಅಕ್ಕ. ಅಕ್ಕ ಇಲ್ಲಿದ್ದಿದ್ರೆ, ಸುಮ್ನೆ ಯಾಕೆ ನಿಂತೀರಿ, ನಾಟಿ ಮಾಡಿ ಅಂತಿದ್ಲು ಅಂದ. ನಾವೆಲ್ಲ ನಕ್ಕಿದ್ವಿ.”

ಆ ಹೆಂಗಸು ಅಳುತ್ತಲೇ ನಕ್ಕರು. ನಾನು ಅಮ್ಮನ ಕಡೆ ತಿರುಗಿದೆ. ಐದು ಅಲ್ಮೇರಾ ತುಂಬಾ ಪುಸ್ತಕಗಳಲ್ಲಿ ಐವತ್ತು ವರ್ಷ ಅಣ್ಣನನ್ನು ಹುಡುಕಿದವರು, ತಮ್ಮನನ್ನು ಕಳೆದುಕೊಂಡ ಇನ್ನೊಬ್ಬಳಿಗೆ ಅವನು ಒಂದು ಮಾತಿನಲ್ಲಿ ಸಿಕ್ಕಿದ್ದನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಅಸೂಯೆ ಇರಬಹುದೆಂದು ನಾನು ಹೆದರಿದ್ದೆ. ಇರಲಿಲ್ಲ. ಬೆಟ್ಟದ ತುದಿಯಿಂದ ಮೊದಲ ಸಲ ಸಮುದ್ರ ಕಂಡವರ ಮುಖ ಹಾಗಿರುತ್ತದೆ. ಎದ್ದು ಹೋಗಿ ಆ ಹೆಂಗಸಿನ ಪಕ್ಕ ಚಾಪೆಯ ಮೇಲೆ ಕೂತು ಕೈ ಹಿಡಿದುಕೊಂಡರು. ತಮ್ಮ ಅಣ್ಣನ ಹೆಸರನ್ನು ನನ್ನ ಎದುರು ಮೊದಲ ಸಲ ಹೇಳಿದ್ದು ಅಲ್ಲಿ, ಆ ಮನೆಯಲ್ಲಿ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನೂ ಹವಾಲ್ದಾರರೂ ಅಂಗಳಕ್ಕೆ ಬಂದು ನಿಂತೆವು. ಆ ಅಕ್ಕ ಊಟ ಹಾಕದೆ ನಮ್ಮನ್ನು ಕಳಿಸಲಿಲ್ಲ.

ಅದಾದ ಮೇಲೆ ಭಾನುವಾರದ ಓದಿಗೆ ಮೂವರಾದೆವು. ಅಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು, ಹಾಗಾಗಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಈ ಸಲ ಹಿಂದಿನಿಂದ ಮುಂದಕ್ಕಲ್ಲ, ಈಚಿನ ಯುದ್ಧಗಳಿಂದ ಹಳೆಯವುಗಳ ಕಡೆಗೆ ಹೋದೆವು. ಹವಾಲ್ದಾರರು ಜತೆಗಿದ್ದಾಗ ನಾನು ಓದಿ ಮುಗಿಸಿದ್ದ ಪುಸ್ತಕಗಳೇ ಹೊಸದಾದವು. ಇನ್ನೂರು ವರ್ಷ ಹಿಂದಿನ ಮುತ್ತಿಗೆಯಲ್ಲಿ ಸಿಪಾಯಿಗಳು ಸುಮ್ಮನೆ ಓಡಿಹೋದರು ಎಂದು ಬರೆದಿದ್ದರೆ, ಮದ್ದು ಒದ್ದೆಯಾಗಿರಬೇಕು ನೋಡಿ, ಹಿಂದಿನ ಪುಟದಲ್ಲಿ ಮಳೆ ಇತ್ತಲ್ಲ ಎನ್ನುತ್ತಿದ್ದರು. ತಿರುವಿ ನೋಡಿದರೆ ಮಳೆ ಇರುತ್ತಿತ್ತು. ಅಮ್ಮ ಹೇಳಿ ಬರೆಸುವುದು, ನಾನು ಅಂಚಿನಲ್ಲಿ ಬರೆಯುವುದು. ಕಳಸದ ಅಕ್ಕ ವರ್ಷಕ್ಕೊಂದು ಸಲ ಬಂದು ಎರಡು ದಿನ ಇದ್ದು ಹೋಗುತ್ತಿದ್ದರು.

ಯುದ್ಧದ ಬಗ್ಗೆ ಏನು ಓದಬೇಕು ಎಂದು ಈಗ ನನ್ನನ್ನು ಯಾರಾದರೂ ಕೇಳಿದರೆ ಪುಸ್ತಕಗಳ ಹೆಸರು ಹೇಳುತ್ತೇನೆ, ಒಂದೊಂದು ಕಾಲಕ್ಕೆ ಎರಡೆರಡು, ಎರಡೂ ಕಡೆಯವು. ಜತೆಗೆ, ನಿಮ್ಮೂರಿನಲ್ಲಿ ಪಟ್ಟಾಳದಿಂದ ಬಂದವರು ಯಾರಾದರೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಎನ್ನುತ್ತೇನೆ. ಕೇಳಿದವರು ಮೊದಲನೆಯದನ್ನು ಮಾತ್ರ ಬರೆದುಕೊಳ್ಳುತ್ತಾರೆ.

ಎರಡು ಸಾವಿರದ ಆರರಲ್ಲಿ ನನಗೆ ಬಯಲುಸೀಮೆಯ ಕಡೆ ವರ್ಗವಾಯಿತು. ಹೊರಡುವ ಮುಂಚಿನ ಭಾನುವಾರ ಪರದೇಶದ ಒಂದು ದೊಡ್ಡ ಸೈನ್ಯ ಇನ್ನೊಂದು ನಾಡಿಗೆ ನುಗ್ಗಿ, ಅಲ್ಲಿನ ಹಿಮದಲ್ಲಿ ಸೋತು ಹಿಂತಿರುಗಿದ ಕತೆಯ ಪುಸ್ತಕ ನಡೆಯುತ್ತಿತ್ತು. ಸಾವಿರಾರು ಕುದುರೆಗಳು ಜಾರಿ ಬಿದ್ದು ಸತ್ತವು ಎಂದು ಓದಿದೆ. ಹವಾಲ್ದಾರರು ಕೈ ಎತ್ತಿ ನಿಲ್ಲಿಸಿದರು. ಆ ನಾಡಿನವರ ಕುದುರೆಗಳೂ ಅದೇ ಹಿಮದಲ್ಲಿ ಓಡಿದವಲ್ಲ, ಅವು ಯಾಕೆ ಜಾರಲಿಲ್ಲ, ಲಾಳದಲ್ಲಿ ಏನಾದರೂ ವ್ಯತ್ಯಾಸ ಇತ್ತೇ ಎಂದರು. ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಅಮ್ಮ ಮಬ್ಬುಗಣ್ಣನ್ನು ನನ್ನ ಕಡೆ ತಿರುಗಿಸಿ, ಹೋಗುವ ಊರಿನಲ್ಲಿ ಒಳ್ಳೆಯ ಲೈಬ್ರರಿ ಇದೆಯಂತೆ, ಆಚೆ ಕಡೆಯವರು ಬರೆದದ್ದು ಸಿಕ್ಕಿದರೆ ನೋಡಿ ಕಾಗದ ಬರಿ ಎಂದರು. ಆಗಲಿ ಎಂದು ಪುಟದ ಸಂಖ್ಯೆ ಗುರುತು ಹಾಕಿಕೊಂಡೆ.